ಜಗಲಿಯಿಂದ ಶಾಲೆಯವರೆಗೆ

(ರೈತರ ತಿಂಗಳ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ತಿಂಗಳ ಕೂಟದಲ್ಲಿ ನಾನು ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡಬೇಕೆಂದು ನಿಶ್ಚಯವಾಗಿತ್ತು. ಬೋರ್ಡೋ ದ್ರಾವಣ ಮಾಡುವ ಕ್ರಮ ನಿಮಗೆ ತಿಳಿಯದ ವಿಷಯವೇನಲ್ಲ. ನೂರು ಲೀಟರು ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಇಂದು ನಮ್ಮ ಮನೆಗಳ ಜಗಲಿಯಲ್ಲಿಯೇ ಕುಳಿತುಬಿಟ್ಟಿರುವ ಕೆಲವು ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ಅದಕ್ಕೂ ಸಮಯ ಎಂಬುದಿದೆ. ಔಷಧಿಯಂತೆಯೇ ಅದನ್ನೂ ಮಳೆಗಾಲಕ್ಕೆ ಮೊದಲೇ ಮಾಡಬೇಕು.

ನನ್ನಿಂದ ಒಂದು ತಪ್ಪಾಗಿದೆ. ಅದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಗುರುಪುರ ಹೊಳೆಯ ಬದಿಯ ಒಂದು ಗ್ರಾಮದಲ್ಲಿ ಒಂದು ಮನೆಯ ತೋಟ ನೋಡಲು ನಾಲ್ಕು ಸಲ ಹೋಗಿದ್ದೆ. ಹೋದಾಗಲೆಲ್ಲ ಜಗಲಿಯ ಮೂಲೆಯಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಕುಳಿತಿರುತ್ತಿದ್ದ. ಮುಂದೆ ಅಡಿಕೆಯ ರಾಶಿ. ಒಳ್ಳೆಯ ಅಡಿಕೆ ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಒಂದು ಕಡೆ ಮಾಡುತ್ತಿದ್ದ. ಹುಟ್ಟುವಾಗಲೇ ಮಿದುಳಿಗೆ ತೊಂದರೆಯಾಗಿ ಕಾಲುಗಳು ಬಿಗಿದುಕೊಂಡಿವೆ. ಮಾತು ಸ್ವಲ್ಪ ತಡೆದು ಬರುತ್ತದೆ. ಡಾಕ್ಟರರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ನಾನು ಮರಗಳ ಆರೋಗ್ಯ ವಿಚಾರಿಸಿದೆ, ಮಣ್ಣು ಪರೀಕ್ಷೆ ಮಾಡಿಸಿದೆ, ಹಟ್ಟಿಯ ಹಸುವಿನ ಹಾಲು ಎಷ್ಟು ಎಂದು ಕೂಡ ಕೇಳಿದೆ. ಆ ಹುಡುಗನನ್ನು ಒಂದು ಮಾತೂ ಕೇಳಲಿಲ್ಲ.

ನಾಲ್ಕನೆಯ ಸಲ ಹೋದಾಗ ಅವನೇ ನನ್ನನ್ನು ಕೇಳಿದ: “ಸರ್, ನಾಲ್ಕನೇ ಕ್ಲಾಸಿನ ಲೆಕ್ಕದಲ್ಲಿ ಎಂತ ಉಂಟು?”

ಅವನು ಮೂರನೆಯ ತರಗತಿಯವರೆಗೆ ಶಾಲೆಗೆ ಹೋಗಿದ್ದ. ಆಮೇಲೆ ಬಿಟ್ಟಿದ್ದ. ಏಕೆ ಬಿಡಿಸಿದಿರಿ ಎಂದು ಅವನ ತಾಯಿಯನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: “ಬಿಡಿಸಿದ್ದು ನಾವಲ್ಲ ಅಣ್ಣ. ಒಂದನೇ ಕ್ಲಾಸಿನಲ್ಲಿ ಸೊಂಟದಲ್ಲಿ ಎತ್ತಿಕೊಂಡು ಹೋದೆ. ಈಗ ಅವನು ಅರ್ಧ ಮುಡಿ ಅಕ್ಕಿಗಿಂತ ಹೆಚ್ಚು ಭಾರ ಇದ್ದಾನೆ. ಮಳೆಗಾಲದಲ್ಲಿ ಅವನನ್ನು ಎತ್ತಿಕೊಂಡು ಆ ಸಂಕ ದಾಟ್ಲಿಕ್ಕೆ ನನ್ನಿಂದ ಆಗುವುದಿಲ್ಲ. ನಾನು ಜಾರಿದರೆ ಇಬ್ಬರೂ ತೋಡಿಗೆ.”

ಬಾಂಧವರೇ, ಈ ಮಾತನ್ನು ಚೆನ್ನಾಗಿ ಯೋಚಿಸಿ ನೋಡಿ. ಆ ಹುಡುಗನನ್ನು ಶಾಲೆ ಬಿಡಿಸಿದ್ದು ಅವನ ಕಾಯಿಲೆಯಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಅವನು ಬೆಳೆದ, ಭಾರವಾದ, ಅಷ್ಟೇ. ಮಗು ಬೆಳೆಯುವುದು ತಾಯಿಗೆ ಸಂತೋಷದ ಸಂಗತಿಯಾಗಬೇಕು. ಆ ತಾಯಿಗೆ ಮಗ ಬೆಳೆದದ್ದೇ ಅಡ್ಡಿಯಾಯಿತು.

ನಮ್ಮ ಊರುಗಳ ರೀತಿ ನಿಮಗೆ ಗೊತ್ತೇ ಇದೆ. ಘಟ್ಟದ ಮೇಲಿನ ಹಳ್ಳಿಗಳಂತೆ ನಮ್ಮಲ್ಲಿ ಮನೆಗೆ ಮನೆ ತಾಗಿಕೊಂಡ ಕೇರಿಗಳಿಲ್ಲ. ಪ್ರತಿಯೊಂದು ಮನೆ ಅದರದರ ತೋಟದಲ್ಲಿ ಒಂಟಿಯಾಗಿದೆ. ಮನೆಯಿಂದ ಹೊರಟರೆ ಮೊದಲು ಅಂಗಳದ ಮೆಟ್ಟಿಲು, ಆಮೇಲೆ ಗದ್ದೆಯ ಹುಣಿ, ಆಮೇಲೆ ತೋಡಿನ ಮೇಲೆ ಅಡಿಕೆ ಮರದ ಸಂಕ, ಅಲ್ಲಿಂದ ಮುರಕಲ್ಲಿನ ಏರು, ಕೊನೆಗೆ ಡಾಮರು ರಸ್ತೆ. ರಸ್ತೆಗೆ ಬಂದರೆ ಬಸ್ಸು. ಬಸ್ಸಿನ ಮೆಟ್ಟಿಲು ಮಗುವಿನ ಮೊಣಕಾಲಿಗಿಂತ ಎತ್ತರ. ಕಂಡಕ್ಟರರಿಗೆ ಹಿಂದಿನ ಬಸ್ಸು ಬಂದು ಮುಟ್ಟುವ ಅವಸರ. “ಬೇಗ ಬೇಗ, ರೈಟ್” ಎನ್ನುವಷ್ಟರಲ್ಲಿ ಈ ಮಗುವಿನ ಒಂದು ಕಾಲೂ ಮೇಲೆ ಬಂದಿರುವುದಿಲ್ಲ. ಹೀಗಿರುವಲ್ಲಿ ಶಾಲೆ ಎರಡೇ ಕಿಲೋಮೀಟರು ದೂರವಿದ್ದರೂ ಆ ಮಗುವಿಗೆ ಅದು ಕಾಶಿಯಷ್ಟು ದೂರ.

ಮಂಗಳೂರು ನಗರ ನಮಗೆ ದೂರದ್ದಲ್ಲ. ಮಲ್ಲಿಗೆ, ತರಕಾರಿ, ಹಾಲು ಎಲ್ಲವೂ ಬೆಳಗಾಗುವ ಮೊದಲೇ ನಮ್ಮ ಊರುಗಳಿಂದ ಅಲ್ಲಿಗೆ ಮುಟ್ಟುತ್ತವೆ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಅಲ್ಲಿ ಒಳ್ಳೆಯ ಶಾಲೆಗಳಿವೆ. ಬೆಂದೂರಿನ ಸೈಂಟ್ ಆಗ್ನೆಸ್ ವಿಶೇಷ ಶಾಲೆ ೧೯೭೦ರಿಂದ ನಡೆಯುತ್ತಿದೆ. ವಿ.ಟಿ. ರಸ್ತೆಯಲ್ಲಿ ಚೇತನಾ ಬಾಲವಿಕಾಸ ಕೇಂದ್ರ, ಶಕ್ತಿನಗರದಲ್ಲಿ ಸಾನಿಧ್ಯ ವಸತಿಶಾಲೆ ಇವೆ. ಹಾಲಿನ ಕ್ಯಾನು ದಿನವೂ ತಪ್ಪದೆ ನಗರ ಸೇರುವ ಊರಿನಿಂದ ಒಂದು ಮಗು ಶಾಲೆ ಸೇರುವುದಿಲ್ಲವೆಂದರೆ, ದಾರಿಯಿಲ್ಲವೆಂದು ಅರ್ಥವಲ್ಲ. ಆ ದಾರಿಯ ವಿಚಾರವನ್ನು ನಾವು ಯಾರೂ ಕೈಗೆ ತೆಗೆದುಕೊಂಡಿಲ್ಲವೆಂದು ಅರ್ಥ.

ಕೃಷಿ ಓದಿದವನಾಗಿ ಇನ್ನೊಂದು ಮಾತನ್ನೂ ನಾನು ಮರೆಯಲಾರೆ. ನಮ್ಮ ಜಿಲ್ಲೆಯ ಕೊಕ್ಕಡ, ಕೊಯಿಲಗಳ ಕಡೆಯಲ್ಲಿಯೂ ನೆರೆಯ ಕಾಸರಗೋಡಿನಲ್ಲಿಯೂ ಗೇರು ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವೊಂದಿತ್ತು. ಅದರ ಫಲವನ್ನು ಮಕ್ಕಳು ಉಣ್ಣಬೇಕಾಯಿತು. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಅಂಥ ಮಕ್ಕಳಿಗಾಗಿ ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲು ಪಾಲನಾ ಕೇಂದ್ರಗಳಾದವು. ಅಂಥ ಕೇಂದ್ರದ ಕಟ್ಟಡ ಎಷ್ಟು ಚೆನ್ನಾಗಿದ್ದರೇನು, ಮಗುವನ್ನು ಮನೆಯಿಂದ ಅಲ್ಲಿಗೆ ಮುಟ್ಟಿಸುವ ವ್ಯವಸ್ಥೆ ಇಲ್ಲದಿದ್ದರೆ ಅದು ಖಾಲಿ ಕಟ್ಟಡವೇ. ಶಾಲೆಗಳ ಮಾತೂ ಹಾಗೆಯೇ.

ಇನ್ನು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಇದನ್ನು ದಯವಿಟ್ಟು ನೆನಪಿನಲ್ಲಿಡಿ, ಏಕೆಂದರೆ ನಮ್ಮಲ್ಲಿ ಅನೇಕರು ಇದನ್ನು ಧರ್ಮದ ಕೆಲಸ, ಯಾರಾದರೂ ಪುಣ್ಯಾತ್ಮರು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ತಿಳಿದಿದ್ದಾರೆ. ಹಾಗಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಅದರ ಕೇಂದ್ರ ನಿಯಮಗಳಂತೆ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಅಂಗನ್ಯೂನತೆಯಿಂದ ಶಾಲೆಗೆ ಹೋಗಲಾರದ ಮಗುವಿಗೆ ತಕ್ಕದಾದ, ಅಪಾಯವಿಲ್ಲದ ಸಾಗಾಟದ ಏರ್ಪಾಡು ಮಾಡಬೇಕೆಂದೂ ಆ ನಿಯಮಗಳಲ್ಲಿಯೇ ಬರೆದಿದೆ. ಆಮೇಲೆ ೨೦೧೬ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಬಂತು; ೨೦೧೭ರ ಏಪ್ರಿಲಿನಿಂದ ಜಾರಿಯಲ್ಲಿದೆ. ಮೊದಲಿನ ೧೯೯೫ರ ಕಾಯಿದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದುವು, ಈಗ ೨೧ ಇವೆ. ಶೇಕಡಾ ೪೦ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಪುಕ್ಕಟೆ ಓದುವ ಹಕ್ಕಿದೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಇಂಥ ಮಗುವಿಗೆ ವಾಹನ ಸೌಕರ್ಯ ಸಿಗುವಂತೆ, ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆಗಾರರಿಗೂ ಅದು ಸಿಗುವಂತೆ ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ನೋಡಿಕೊಳ್ಳಬೇಕೆಂದು ೧೬ನೆಯ ಕಲಮು ಹೇಳುತ್ತದೆ.

ಹಕ್ಕು ಕಾಗದದಲ್ಲಿದೆ. ಅದನ್ನು ಅಂಗಳಕ್ಕೆ ತರಿಸಿಕೊಳ್ಳುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಒಂದನೆಯದು, ಪ್ರಮಾಣಪತ್ರ. ಮಗುವನ್ನು ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ, ಯು.ಡಿ.ಐ.ಡಿ. ಎಂಬ ಗುರುತಿನ ಕಾರ್ಡು ಮಾಡಿಸಿಕೊಳ್ಳಬೇಕು. ಅರ್ಜಿ ತುಂಬಲು ಬಾರದಿದ್ದರೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ; ಅವರು ಇರುವುದೇ ಈ ಕೆಲಸಕ್ಕೆ. ಕಾರ್ಡು ಬರಲಿ ಆಮೇಲೆ ನೋಡೋಣವೆಂದು ಮಗುವನ್ನು ಶಾಲೆಗೆ ಸೇರಿಸುವುದನ್ನು ಮಾತ್ರ ತಡಮಾಡಬೇಡಿ.

ಎರಡನೆಯದು, ಶಾಲೆಯ ಮೂಲಕ ಬರುವ ಸಹಾಯ. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಾರಿಗೆ ಭತ್ಯೆ, ಮಗುವಿನ ಜೊತೆಗೆ ಹೋಗಿಬರುವವರಿಗೆ ಬೆಂಗಾವಲು ಭತ್ಯೆ ಇವೆ. ಹೆಣ್ಣು ಮಕ್ಕಳಿಗೆ ಇದಲ್ಲದೆ ತಿಂಗಳಿಗೆ ೨೦೦ ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನದ ಏರ್ಪಾಡಿದೆ. ಇದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನೂ ಕಾಣಬೇಕು. ಶಾಲೆಯ ಪಟ್ಟಿಯಲ್ಲಿ ಮಗುವಿನ ಹೆಸರಿನ ಎದುರು ವಿಶೇಷ ಅಗತ್ಯವೆಂದು ಬರೆದಿದ್ದಾರೋ ಇಲ್ಲವೋ ನೀವೇ ಕೇಳಿ ನೋಡಿಕೊಳ್ಳಿ. ಪಟ್ಟಿಯಲ್ಲಿ ಬಿಟ್ಟುಹೋದ ಮಗುವಿಗೆ ಹಣವೂ ಬಿಟ್ಟುಹೋಗುತ್ತದೆ.

ಮೂರನೆಯದು, ಬಸ್ಸು. ಸರ್ಕಾರಿ ಸಾರಿಗೆಯಲ್ಲಿ ವಿಕಲಚೇತನರ ಪಾಸಿಗೆ ವರ್ಷಕ್ಕೆ ೬೬೦ ರೂಪಾಯಿ. ವಾಸದ ಊರಿನಿಂದ ೧೦೦ ಕಿಲೋಮೀಟರಿನವರೆಗೆ ನಡೆಯುತ್ತದೆ. ಕಣ್ಣು ಕಾಣದವರಿಗೆ ಪಾಸು ಉಚಿತ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಹೆಣ್ಣು ಮಕ್ಕಳಿಗೂ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದುದರಿಂದ ಜೊತೆಗೆ ಹೋಗುವ ತಾಯಿಗೂ ಖರ್ಚಿಲ್ಲ. ಇಲ್ಲಿ ನಮ್ಮ ಜಿಲ್ಲೆಯ ಕಷ್ಟವೊಂದನ್ನು ಮುಚ್ಚಿಡದೆ ಹೇಳಬೇಕು. ಮಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಓಡುವ ಬಸ್ಸುಗಳಲ್ಲಿ ಬಹಳಷ್ಟು ಖಾಸಗಿಯವರದು. ಅವುಗಳಲ್ಲಿ ಶಕ್ತಿ ಯೋಜನೆಯೂ ನಡೆಯದು, ಸರ್ಕಾರಿ ಪಾಸೂ ನಡೆಯದು. ಬೇರೆ ಜಿಲ್ಲೆಯ ತಾಯಿಗೆ ಸಿಗುವ ಸೌಕರ್ಯ, ಸರ್ಕಾರಿ ಬಸ್ಸೇ ಇಲ್ಲದ ನಮ್ಮ ದಾರಿಯ ತಾಯಿಗೆ ಸಿಗುವುದಿಲ್ಲ. ಶಾಲೆಯ ಹೊತ್ತಿಗೆ ಒಂದು ಸರ್ಕಾರಿ ಬಸ್ಸು ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳುಹಿಸುವುದು ಅನ್ಯಾಯದ ಬೇಡಿಕೆಯೇನಲ್ಲ.

ನಾಲ್ಕನೆಯದು, ಪಂಚಾಯತಿ. ಗ್ರಾಮ ಪಂಚಾಯತಿ ತನ್ನ ಸ್ವಂತ ಆದಾಯದಲ್ಲಿ ಶೇಕಡಾ ೫ನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಈ ಹಣ ಎಷ್ಟಾಯಿತು, ಏನು ಮಾಡಿದಿರಿ ಎಂದು ಗ್ರಾಮಸಭೆಯಲ್ಲಿ ಕೇಳಿ. ನಾವು ದಾರಿದೀಪ ಕೇಳುತ್ತೇವೆ, ನಳ್ಳಿ ನೀರು ಕೇಳುತ್ತೇವೆ. ಇದನ್ನೂ ಕೇಳೋಣ.

ಇಷ್ಟೆಲ್ಲ ಇರುವಾಗ ಇನ್ನೇನು ಚಿಂತೆ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಮಗುವೊಂದಕ್ಕೆ ವರ್ಷಕ್ಕೆ ೩೫೦೦ ರೂಪಾಯಿಯ ಲೆಕ್ಕ ಹಿಡಿದಿದ್ದಾರೆ. ಪರೀಕ್ಷೆ ಶಿಬಿರ, ಸಾಧನ ಸಲಕರಣೆ, ಭತ್ಯೆ ಎಲ್ಲವೂ ಅದರೊಳಗೆ ಆಗಬೇಕು. ಅಷ್ಟನ್ನೂ ಸಾಗಾಟಕ್ಕೇ ಕೊಟ್ಟರೆಂದು ಹಿಡಿದರೂ, ಶಾಲೆ ೨೨೦ ದಿನ ನಡೆದರೆ ದಿನಕ್ಕೆ ೧೬ ರೂಪಾಯಿ ಕೂಡ ಪೂರ್ತಿ ಬೀಳುವುದಿಲ್ಲ. ಹೋಗಿ ಬರುವ ರಿಕ್ಷಾ ಬಾಡಿಗೆಗೆ ಇದು ಯಾವ ಲೆಕ್ಕಕ್ಕೂ ಸಾಲದು. ಅಲ್ಲದೆ ಹಣ ಖಾತೆಗೆ ಬರುವುದು ಶಾಲೆ ಸುರುವಾಗಿ ಎಷ್ಟೋ ತಿಂಗಳ ಮೇಲೆ. ಮಗು ಶಾಲೆಗೆ ಹೋಗಬೇಕಾದುದು ಜೂನಿನಲ್ಲಿ. ಆದುದರಿಂದ ಸರ್ಕಾರದ ಹಣವೊಂದರಿಂದಲೇ ಮಗು ಶಾಲೆ ಮುಟ್ಟುತ್ತದೆಂದು ನಾನು ನಿಮಗೆ ಸುಳ್ಳು ಭರವಸೆ ಕೊಡಲಾರೆ. ಆ ಹಣವನ್ನು ಬಿಡಬಾರದು, ಅದನ್ನೇ ನಂಬಿ ಕೂರಲೂ ಬಾರದು. ಉಳಿದ ಅರ್ಧ ದಾರಿಯನ್ನು ಊರವರೇ ಮಾಡಿಕೊಡಬೇಕು.

ಹೇಗೆ ಎಂಬುದಕ್ಕೆ, ನಾನು ಮೊದಲು ಹೇಳಿದ ಹುಡುಗನ ಮನೆಯ ಸಂಗತಿಯನ್ನೇ ಮುಂದುವರಿಸುತ್ತೇನೆ. ಅವನ ಪ್ರಶ್ನೆ ಕೇಳಿದ ಮೇಲೆ ನಾನು ಆ ತಾಯಿಯ ಜೊತೆ ಮನೆಯಿಂದ ಡಾಮರು ರಸ್ತೆಯವರೆಗೆ ನಡೆದು ನೋಡಿದೆ. ಅರ್ಧ ಕಿಲೋಮೀಟರು. ಅದರಲ್ಲಿ ನಿಜವಾಗಿ ಅಡ್ಡಿಯಿದ್ದುದು ಎರಡೇ ಕಡೆ: ನೆರೆಮನೆಯವರ ಗದ್ದೆಯ ಹುಣಿ, ತೋಡಿನ ಸಂಕ. ಹುಣಿ ಒಂದಡಿ ಅಗಲವಿತ್ತು. ಗಾಲಿಕುರ್ಚಿ ಹೋಗಬೇಕಾದರೆ ಮೂರಡಿ ಬೇಕು. ನೆರೆಮನೆಯ ಯಜಮಾನರು ವಯಸ್ಸಾದವರು. ಎರಡು ಮನೆಗೂ ನೀರಿನ ವಿಷಯದಲ್ಲಿ ಬಹಳ ವರ್ಷದಿಂದ ಮಾತಿರಲಿಲ್ಲ. ನಾನು ಹೋಗಿ ಕೇಳಿದಾಗ ಅವರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. “ನೋಡುವ” ಎಂದರು. ಹದಿನೈದು ದಿನದ ಮೇಲೆ ಅವರೇ ನನಗೆ ಫೋನು ಮಾಡಿ, “ಕೊಳಕೆ ಬೆಳೆ ತೆಗೆದ ಮೇಲೆ ಮಣ್ಣು ಹಾಕಿಸಿಕೊಳ್ಳಲಿ. ಗದ್ದೆಯಲ್ಲಿ ಎರಡಡಿ ಹೋದರೆ ನನಗೆ ಎಷ್ಟು ಭತ್ತ ಕಡಿಮೆಯಾಗುತ್ತದೆ?” ಎಂದರು. ಆ ಎರಡು ಮನೆಗಳಿಗೆ ಈಗಲೂ ಹೆಚ್ಚು ಮಾತಿಲ್ಲ. ಆದರೆ ದಾರಿ ಆಗಿದೆ.

ಸಂಕದ ಕೆಲಸವನ್ನು ಪಂಚಾಯತಿಯವರು ಮಾಡಿಸಿದರು. ಕಾಂಕ್ರೀಟು ಹಾಸು, ಎರಡು ಬದಿಗೂ ಕೈಹಿಡಿ. ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಹುಡುಗನನ್ನು ನೋಡಿ ಭತ್ಯೆಗೆ ಬರೆದರು. ಅದೇ ದಾರಿಯಲ್ಲಿ ಕಿವಿ ಕೇಳದ ಒಂದು ಹುಡುಗಿಯೂ, ಶಾಲೆಗೆ ಹೋಗುವ ಇನ್ನೆರಡು ಮಕ್ಕಳೂ ಇದ್ದರು. ನಾಲ್ಕು ಮನೆಯವರು ಸೇರಿ ಒಬ್ಬ ರಿಕ್ಷಾದವರಿಗೆ ತಿಂಗಳಿಗಿಷ್ಟೆಂದು ಗೊತ್ತುಮಾಡಿದರು. ಒಬ್ಬೊಬ್ಬರೇ ಕೊಡುತ್ತಿದ್ದರೆ ಯಾರಿಗೂ ಕೈಗೆಟುಕದ ಬಾಡಿಗೆ ನಾಲ್ಕು ಪಾಲಾದಾಗ ಎಟುಕಿತು. ಹುಡುಗನ ವಯಸ್ಸಿಗೆ ತಕ್ಕಂತೆ ಐದನೆಯ ತರಗತಿಗೇ ಸೇರಿಸಿಕೊಂಡರು. ನಾಲ್ಕನೆಯ ತರಗತಿಯ ಲೆಕ್ಕವನ್ನು ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ಹೇಳಿಕೊಟ್ಟರು.

ಎಲ್ಲವೂ ಸರಿಯಾಯಿತೆಂದು ಹೇಳುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಹನ್ನೆರಡು ದಿನ ಅವನು ಹೋಗಲಾಗಲಿಲ್ಲ. ರಿಕ್ಷಾದವರಿಗೆ ಜ್ವರ ಬಂದರೆ ನಾಲ್ಕು ಮಕ್ಕಳೂ ಮನೆಯಲ್ಲಿ. ಮೊದಲ ವರ್ಷದ ಭತ್ಯೆ ಬಂದದ್ದು ಮಾಘ ಮಾಸ ಕಳೆದ ಮೇಲೆ. ಆದರೂ ಈಗ ಆ ಮನೆಗೆ ಹೋದರೆ ಹಗಲು ಜಗಲಿಯ ಮೂಲೆ ಖಾಲಿಯಾಗಿರುತ್ತದೆ. ಅಡಿಕೆ ವಿಂಗಡಿಸುವ ಕೆಲಸ ರಾತ್ರಿ ಮನೆಯವರೆಲ್ಲ ಕುಳಿತು ಮಾಡುತ್ತಾರೆ.

ಕೆಲವು ಹಿರಿಯರು ನನ್ನನ್ನು ಕೇಳಿದ್ದಾರೆ: “ಅವನು ಓದಿ ಎಂತ ಆಗ್ಲಿಕ್ಕುಂಟು? ಮನೆಯಲ್ಲಿ ಸುಖವಾಗಿದ್ದರೆ ಸಾಲದಾ?” ಅವರ ಮಾತಿನಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಅದೇ ಮನೆಯ ಇನ್ನೊಂದು ಮಗುವಿನ ಬಗ್ಗೆ ನಾವು ಹೀಗೆ ಕೇಳುವುದಿಲ್ಲ. ನಾವು ಎಂದೆಂದಿಗೂ ಇರುವವರಲ್ಲ. ನಾಳೆ ತಾಯಿ ತಂದೆ ಇಲ್ಲದ ದಿನ, ತನ್ನ ಹೆಸರು ಬರೆಯಬಲ್ಲ, ಹಣ ಎಣಿಸಬಲ್ಲ, ನಾಲ್ಕು ಜನರ ಪರಿಚಯವಿರುವ ಮಗುವಿಗೂ, ಜಗಲಿಯಿಂದಾಚೆ ಯಾರನ್ನೂ ಅರಿಯದ ಮಗುವಿಗೂ ಬಹಳ ವ್ಯತ್ಯಾಸವಿದೆ. ಶಾಲೆಯಲ್ಲಿ ಅವನು ಕಲಿಯುವುದು ಪಾಠ ಮಾತ್ರವಲ್ಲ. ಊರಿನ ಮಕ್ಕಳು ಅವನನ್ನು ಕಲಿಯುತ್ತಾರೆ.

ತೀರ ಹಾಸಿಗೆ ಹಿಡಿದ ಮಕ್ಕಳಿದ್ದಾರೆ, ನಿಜ. ೨೦೧೨ರ ತಿದ್ದುಪಡಿಯ ನಂತರ ತೀವ್ರ ನ್ಯೂನತೆ ಅಥವಾ ಬಹುವಿಧ ನ್ಯೂನತೆಯುಳ್ಳ ಮಗುವಿಗೆ ಮನೆಯಲ್ಲಿಯೇ ಪಾಠ ಕಲಿಯುವ ಹಕ್ಕಿದೆ. ಶಿಕ್ಷಕರು ಮನೆಗೆ ಬರುತ್ತಾರೆ. ಆದರೆ ಮನೆಪಾಠವೋ ಶಾಲೆಯೋ ಎಂಬುದನ್ನು ಆರಿಸುವವರು ನೀವು. ಕರೆತರುವ ತೊಂದರೆ ತಪ್ಪಲಿ ಎಂದು ಬೇರೆ ಯಾರೋ ನಿಮ್ಮ ಪರವಾಗಿ ಮನೆಪಾಠವೆಂದು ಬರೆದುಬಿಟ್ಟರೆ ಒಪ್ಪಬೇಡಿ.

ಈಗ ನಾನು ನಿಮ್ಮಲ್ಲಿ ವಿನಂತಿಸುವುದೇನೆಂದರೆ, ಈ ಕೂಟ ಮುಗಿದು ಮನೆಗೆ ಹೋಗುವಾಗ ನಿಮ್ಮ ನಿಮ್ಮ ಕಡೆಯ ಮನೆಗಳನ್ನು ಮನಸ್ಸಿನಲ್ಲಿಯೇ ಒಂದು ಸುತ್ತು ಹಾಕಿ ಬನ್ನಿ. ಶಾಲೆಗೆ ಹೋಗಬೇಕಾಗಿದ್ದು ಹೋಗದ ಮಗು ಯಾವ ಜಗಲಿಯಲ್ಲಿದೆ? ಅಂಥ ಮನೆಯಿದ್ದರೆ ಆ ಮನೆಯವರ ಜೊತೆ ಒಂದು ಸಲ ರಸ್ತೆಯವರೆಗೆ ನಡೆಯಿರಿ. ಎಲ್ಲಿ ಹುಣಿ ಸಣ್ಣದು, ಎಲ್ಲಿ ಸಂಕ ಅಲುಗುತ್ತದೆ, ಎಲ್ಲಿ ಮೆಟ್ಟಿಲು ಕಡಿಯಬೇಕು ಎಂದು ಕಣ್ಣಾರೆ ನೋಡಿ. ಆ ಹುಣಿ ನಿಮ್ಮದೇ ಗದ್ದೆಯದಾಗಿದ್ದರೆ ನನಗೆ ಫೋನು ಮಾಡುವ ಅಗತ್ಯವೂ ಇಲ್ಲ, ಆ ಮನೆಯವರಿಗೇ ಹೇಳಿ. ಅಂಗಡಿಯ ಬದಿಯಲ್ಲಿ ರಿಕ್ಷಾ ನಿಲ್ಲಿಸುವವರ ಹತ್ತಿರ ಒಂದು ಮಾತು ಹಾಕಿ. ಏಪ್ರಿಲಿನಲ್ಲಿ ಅರ್ಜಿ, ಮೇ ತಿಂಗಳಲ್ಲಿ ಮಣ್ಣಿನ ಕೆಲಸ, ಜೂನಿನಲ್ಲಿ ಶಾಲೆ. ಮಳೆ ಹಿಡಿದ ಮೇಲೆ ಹುಣಿಗೆ ಮಣ್ಣು ನಿಲ್ಲುವುದಿಲ್ಲ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಿಮ್ಮಲ್ಲಿ ಯಾರಾದರೂ ನನ್ನನ್ನು ತೋಟಕ್ಕೆ ಕರೆದರೆ ಬರುತ್ತೇನೆ. ಇನ್ನು ಮುಂದೆ ಮರ ನೋಡುವ ಮೊದಲು ಜಗಲಿ ನೋಡುತ್ತೇನೆ.